ಕಾಮಿಕ್ ಕಾನ್‌ನಲ್ಲಿ ಕನ್ನಡ ಹುಡುಕುವವರಿಗೆ

ಕಳೆದ ಜನವರಿಯಲ್ಲಿ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗಿ ಬಂದೆ. ಹೊರಡುವ ಹಿಂದಿನ ದಿನ ಅಪ್ಪನಿಗೆ ಹೇಳಿದಾಗ ಅವರು ಹೊಲದಿಂದ ಬಂದು ಬಾಗಿಲ ಮುಂದೆ ಕಾಲು ತೊಳೆಯುತ್ತಿದ್ದರು. "ಅದ್ಯಾವ ಜಾತ್ರೀನವ್ವಾ? ತೇರು ಎಳೀತಾರೇನು?" ಎಂದರು. ತೇರಿಲ್ಲಪ್ಪಾ, ಕತಿಯೊಳಗಿನ ಮಂದಿಯ ವೇಷ ಹಾಕ್ಕೊಂಡು ಬರ್ತಾರ, ಚಿತ್ರದ ಪುಸ್ತಕ ಮಾರ್ತಾರ ಎಂದೆ. "ಹಂಗಾರ ಆಟ ಅನ್ನು. ಕಡ್ಲಿ ಕೀಳೂ ಹಂಗಾಮಿನ್ಯಾಗ ಆಟ ನೋಡಾಕ ಬೆಂಗಳೂರಿಗೆ ಹೊಂಟಾಳ ನೋಡು ನಿನ್ನ ಮಗಳು" ಎಂದು ಅವ್ವನ ಕಡೆ ತಿರುಗಿ ನಕ್ಕರು. ಅವರಿಗೆ ವಿಷಯ ಅರ್ಥವಾಗಿತ್ತು.

ಅರ್ಥವಾಗದೆ ಹೋದದ್ದು ನಾನು ಓದುವ ಕಡೆ. ನಾನು ನವಲಗುಂದ ತಾಲ್ಲೂಕಿನ ಹಳ್ಳಿಯವಳು. ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟಗಳ ವೇಷಭೂಷಣದ ಮೇಲೆ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹೀಗೆ ಹೋಗಿ ಬಂದೆ ಎಂದಾಗ ಸಹಪಾಠಿಗಳಲ್ಲಿ, ಹಿರಿಯರಲ್ಲಿ ಎರಡು ಬಗೆಯ ಮಾತು ಬಂದವು. ಮೊದಲನೆಯದು ನಗೆ: ಅಮೆರಿಕದವರ ಹುಚ್ಚು ನಿನಗ್ಯಾಕೆ ಹಿಡೀತು? ಅದಕ್ಕೆ ನಾನೂ ನಕ್ಕು ಸುಮ್ಮನಾದೆ. ಎರಡನೆಯದು ಗಂಭೀರವಾದ ಪ್ರಶ್ನೆ: "ಅಲ್ಲಿ ಕನ್ನಡ ಎಲ್ಲಿತ್ತು?" ಕೇಳಿದವರಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದರು. ಇಲ್ಲ ಎಂದು ನನ್ನ ಬಾಯಿಂದ ಹೊರಡಿಸಿ, ನೋಡಿದಿರಾ, ಬೆಂಗಳೂರಿನಲ್ಲೇ ಕನ್ನಡಕ್ಕೆ ಜಾಗವಿಲ್ಲ ಎಂದು ನಿಟ್ಟುಸಿರು ಬಿಡುವುದು ಅವರ ಉದ್ದೇಶವಾಗಿತ್ತು. ಈ ಲೇಖನ ಆ ನಿಟ್ಟುಸಿರಿನ ವಿರುದ್ಧ.

ಮೊದಲು ಜಾತ್ರೆಯ ಮಾತು. ಈ ಬಗೆಯ ಕೂಟಗಳಲ್ಲಿ ಹೆಸರಾದದ್ದೊಂದು ಶುರುವಾದದ್ದು 1970ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಒಂದು ಹೋಟೆಲಿನಲ್ಲಿ ಸುಮಾರು ಮುನ್ನೂರು ಜನ ಸೇರಿದ್ದರಂತೆ. ಭಾರತದಲ್ಲಿ ಮೊದಲ ಕಾಮಿಕ್ ಕಾನ್ 2011ರಲ್ಲಿ ದಿಲ್ಲಿ ಹಾಟ್‌ನಲ್ಲಿ ನಡೆಯಿತು, ಮರುವರ್ಷ ಬೆಂಗಳೂರಿಗೂ ಬಂತು. ಈಗ ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣಗಳಲ್ಲಿ ಎರಡು ದಿನ ನಡೆಯುತ್ತದೆ. ಹುಬ್ಬಳ್ಳಿಯಿಂದ ರಾತ್ರಿ ರೈಲು, ಬೆಳಿಗ್ಗೆ ಮೆಟ್ರೋ, ಆಮೇಲೆ ಬಿಸಿಲಲ್ಲಿ ಉದ್ದನೆಯ ಸಾಲು. ಹೋಳಿಯ ಹೊತ್ತಿಗೆ ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ನಿಂತು ಅಭ್ಯಾಸ ಇರುವ ನನಗೆ ಸಾಲು ಹೊಸದಲ್ಲ. ಟಿಕೆಟ್ಟಿಗೆ ಕೊಟ್ಟ ದುಡ್ಡು ಮಾತ್ರ ನಮ್ಮೂರಲ್ಲಿ ಕಡಲೆ ಕೀಳುವ ಹೆಣ್ಣುಮಗಳ ಎರಡು ದಿನದ ಕೂಲಿಗಿಂತ ಹೆಚ್ಚು. ಅದನ್ನು ಮರೆತು ಒಳಗೆ ಹೋಗಲಿಕ್ಕೆ ನನಗೆ ಆಗಲಿಲ್ಲ.

ಒಳಗೆ ಪುಸ್ತಕಕ್ಕಿಂತ ಸಾಮಾನು ಹೆಚ್ಚು. ಪ್ಲಾಸ್ಟಿಕ್ ಗೊಂಬೆ, ಅಂಗಿ, ಕೀಚೈನು, ಕಂಪ್ಯೂಟರ್ ಗೇಮ್ ಆಡುವವರ ಕುರ್ಚಿ, ಸಿನಿಮಾ ಕಂಪನಿಗಳ ದೊಡ್ಡ ದೊಡ್ಡ ಫಲಕ. ಇದು ವ್ಯಾಪಾರ ಎಂದು ಯಾರಾದರೂ ಹೇಳಿದರೆ ನಾನು ಎದುರಾಡುವುದಿಲ್ಲ. ಯಾವ ಜಾತ್ರೆಯಲ್ಲಿ ಬಳೆ ಅಂಗಡಿ ಇಲ್ಲ? ಆದರೆ ಜಾತ್ರೆಗೆ ಹೋದವರು ಬಳೆ ಅಂಗಡಿಯನ್ನಷ್ಟೇ ನೋಡಿ ತಿರುಗಿ ಬಂದರೆ ಅದು ನೋಡಿದವರ ತಪ್ಪು.

ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಷ. ಸ್ಪೈಡರ್‌ಮ್ಯಾನ್‌ಗಳು ಎಣಿಸಲಾರದಷ್ಟು. ಹುಲ್ಲಿನ ಟೋಪಿಯ ಲೂಫಿ, ಹಣೆಪಟ್ಟಿ ಕಟ್ಟಿದ ನರುಟೊ, ಹೀಗೆ ಜಪಾನಿನ ಕತೆಗಳ ಹುಡುಗ ಹುಡುಗಿಯರು. ಮೈತುಂಬ ಕವಚ ತೊಟ್ಟ ಒಬ್ಬ ಹುಡುಗ ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದ. ಕನ್ನಡದಲ್ಲೇ ಮಾತಾಡಿಸಿದೆ. ತುಮಕೂರಿನ ಕಡೆಯವನು, ಎಂಜಿನಿಯರಿಂಗ್ ಓದುತ್ತಾನೆ. ನೆಲಕ್ಕೆ ಹಾಸುವ ಫೋಮ್ ಶೀಟನ್ನು ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ, ಅಂಟಿಸಿ, ಮೇಲೆ ಬಣ್ಣ ಹೊಡೆದು ಮಾಡಿದ್ದಂತೆ. ಹಾಸ್ಟೆಲಿನ ಕೋಣೆಯಲ್ಲಿ ಎರಡು ತಿಂಗಳ ಕೆಲಸ. ಭುಜದ ತುಂಡು ಕಳಚಿ ನನ್ನ ಕೈಗೆ ಕೊಟ್ಟ. ಹೂವಿನಷ್ಟು ಹಗುರ. ನಮ್ಮಪ್ಪ ದೊಡ್ಡಾಟದಲ್ಲಿ ಭೀಮನ ಪಾತ್ರ ಮಾಡುತ್ತಿದ್ದಾಗಿನ ಭುಜಕೀರ್ತಿ ಈಗಲೂ ಅಟ್ಟದ ಮೇಲಿದೆ. ಕಟ್ಟಿಗೆಯದು, ಬೇಗಡೆ ಹಚ್ಚಿ ಕನ್ನಡಿ ಚೂರು ಕೂರಿಸಿದ್ದು. ಬೆಳತನಕ ಕುಣಿದ ಮರುದಿನ ಅಪ್ಪನ ಹೆಗಲ ಮೇಲೆ ಕೆಂಪು ಬರೆ ಇರುತ್ತಿತ್ತು. ಅದನ್ನು ಹೇಳಿದಾಗ ಆ ಹುಡುಗ ಕಣ್ಣರಳಿಸಿ, "ಅಕ್ಕಾ, ಅದರ ಫೋಟೋ ಇದ್ರೆ ಕಳಿಸಿ, ಕೀಲು ಹೇಗೆ ಮಾಡಿದಾರೆ ನೋಡ್ಬೇಕು" ಎಂದ. ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದೇನೆ. ಭುಜಕೀರ್ತಿಯ ಕೀಲನ್ನು ನನ್ನ ಹತ್ತಿರ ಕೇಳಿದವನು ಇವನೊಬ್ಬನೇ.

ಇನ್ನೊಂದು ಮೂಲೆಯಲ್ಲಿ ಸಾಲಾಗಿ ಸಣ್ಣ ಮೇಜುಗಳು. ತಾವೇ ಬರೆದು, ತಾವೇ ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಇಟ್ಟುಕೊಂಡು ಇಪ್ಪತ್ತು, ಇಪ್ಪತ್ತೈದರ ಮಕ್ಕಳು ಕೂತಿದ್ದರು. ಕೊಳ್ಳಲು ಬಂದವರು ಇವರ ಹಿಂದಿನ ಸಂಚಿಕೆ ಓದಿ ಬಂದವರು. ಆ ಪಾತ್ರ ಯಾಕೆ ಸತ್ತಿತು, ಈ ಪುಟದಲ್ಲಿ ಯಾಕೆ ಮಾತೇ ಇಲ್ಲ ಎಂದು ನಿಂತು ಜಗಳ ತೆಗೆಯುತ್ತಿದ್ದರು. 2019ರ ಜನವರಿಯಲ್ಲಿ ಧಾರವಾಡದಲ್ಲಿ 84ನೇ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಮೂರೂ ದಿನ ಅಲ್ಲಿದ್ದೆ. ಮಳಿಗೆಗಳಲ್ಲಿ ಕನ್ನಡ ಪುಸ್ತಕಕ್ಕೆ ಮುಗಿಬಿದ್ದ ಜನ ನೋಡಿ ಸಂತೋಷಪಟ್ಟವಳು. ಆದರೂ ಅಲ್ಲಿ ಓದುಗ ಮಾಡಬೇಕಾದ್ದು ಏನಿತ್ತು? ಪೆಂಡಾಲಿನಲ್ಲಿ ಕೂತು ಕೇಳಬೇಕು. ವೇದಿಕೆಯ ಮೇಲೆ ಯಾರೋ, ಕೆಳಗೆ ನಾವು. ವೈಟ್‌ಫೀಲ್ಡಿನಲ್ಲಿ ಕತೆಯನ್ನು ಪ್ರೀತಿಸಿದವನು ಅದನ್ನು ಮೈಮೇಲೆ ಹಾಕಿಕೊಂಡು ಬಂದಿದ್ದ. ಇದನ್ನು ಪಶ್ಚಿಮದ ಹುಚ್ಚು ಎನ್ನುವವರು ಒಮ್ಮೆ ನಮ್ಮ ಭಾಗದ ಹಗಲುವೇಷದವರನ್ನು ನೆನೆಯಬೇಕು.

ಈಗ ಆ ಪ್ರಶ್ನೆಗೆ ಬರೋಣ. ನಾನು ಸುತ್ತಿದ ಮೇಜುಗಳಲ್ಲಿ ಕನ್ನಡದ ಒಂದು ಚಿತ್ರಕಥೆಯೂ ನನಗೆ ಸಿಗಲಿಲ್ಲ. ಮಾತಾಡುವ ಕನ್ನಡ ಬೇಕಾದಷ್ಟು ಕಿವಿಗೆ ಬಿತ್ತು. ಕನ್ನಡ ಬಲ್ಲ ಕಲಾವಿದರೂ ಸಿಕ್ಕರು. ಅವರ ಪುಸ್ತಕಗಳು ಮಾತ್ರ ಇಂಗ್ಲಿಷಿನವು. ಇದಕ್ಕೆ ಸಂಘಟಕರನ್ನು ಬೈದು ಮನೆಗೆ ಹೋಗಬಹುದು, ಅದು ಸುಲಭ. ಆದರೆ ಇಲ್ಲದ ಪುಸ್ತಕಕ್ಕೆ ಯಾರು ಮೇಜು ಹಾಕಿಕೊಡಬೇಕು? ಕನ್ನಡದ ಚಿತ್ರಕಥೆಯನ್ನು ಸ್ಪೈಡರ್‌ಮ್ಯಾನ್ ಬಂದು ಕೊಲ್ಲಲಿಲ್ಲ. ಅದನ್ನು ಹಸಿವಿನಿಂದ ಸಾಯಲು ಬಿಟ್ಟವರು ಸಾಹಿತ್ಯ ಸಾಹಿತ್ಯ ಎಂದು ಹಗಲೂ ರಾತ್ರಿ ಜಪಿಸುವ ನಾವು.

'ಅಮರ ಚಿತ್ರಕಥೆ' ಎಂದ ಕೂಡಲೇ ಮುಂಬಯಿ, ಇಂಗ್ಲಿಷು, ಅನಂತ ಪೈ ನೆನಪಾಗುತ್ತಾರೆ. ಪೈ ನಮ್ಮ ಕಾರ್ಕಳದವರು, ಅದಿರಲಿ. ಆ ಮಾಲೆಯ ಇಂಗ್ಲಿಷ್ ಪುಸ್ತಕಗಳಲ್ಲಿ 'ಕೃಷ್ಣ'ನ ಸಂಖ್ಯೆ 11. ಅದಕ್ಕಿಂತ ಮೊದಲಿನ ಹತ್ತು ಎಲ್ಲಿ ಹೋದವು? ಅವು ಕನ್ನಡದವು. 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಸಿಂಡರೆಲ್ಲಾದಂಥ ಪಶ್ಚಿಮದ ಕತೆಗಳನ್ನು ಕನ್ನಡದಲ್ಲಿ ಚಿತ್ರಪುಸ್ತಕವಾಗಿ ತಂದರು. ಅವು ಓಡಿದ್ದನ್ನು ಕಂಡ ಮೇಲೆ ಮುಂಬಯಿಯವರಿಗೆ ಧೈರ್ಯ ಬಂತು. ಅಂದರೆ ಈ ದೇಶದ ಅತಿ ಹೆಸರಾದ ಚಿತ್ರಕಥಾ ಮಾಲೆ ಕಣ್ಣು ಬಿಟ್ಟದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ. ಎಂ.ಎ. ಎರಡು ವರ್ಷ, ಆಮೇಲೆ ಪಿಎಚ್.ಡಿ. ಪೂರ್ವದ ಕೋರ್ಸ್‌ವರ್ಕು, ಎಲ್ಲಿಯೂ ಯಾರೂ ನನಗೆ ಅನಂತರಾಮ್ ಅವರ ಹೆಸರು ಹೇಳಲಿಲ್ಲ. ನವ್ಯದ ಆರಂಭ ಯಾವ ಕವಿತೆಯಿಂದ ಎಂಬ ಬಗ್ಗೆ ಮಾತ್ರ ಮೂರು ಸೆಮಿನಾರು ಕೇಳಿದ್ದೇನೆ.

ಇಲ್ಲಿ ಹುಟ್ಟಿದ್ದು ಮುಂಬಯಿಗೆ ಹೋಯಿತು. ಮತ್ತೆ ನಮ್ಮ ಮಕ್ಕಳನ್ನು ಸಾಕಿದ್ದು ಯಾರು? 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಮರುವರ್ಷ ಕನ್ನಡಕ್ಕೆ ಬಂದ 'ಚಂದಮಾಮ' ಮದರಾಸಿನದು. ಡಿಂಗ ಎಂಬ ಮಹಾಶಕ್ತಿಯ ಇಲಿಯನ್ನು ನಮಗೆ ಕೊಟ್ಟ 'ಬಾಲಮಂಗಳ' ಕೇರಳದ ಕೋಟ್ಟಯಂನ ಮಂಗಳಂ ಬಳಗದ್ದು. ನಮ್ಮ ಓಣಿಯಲ್ಲಿ ಒಂದು ಬಾಲಮಂಗಳ ಹದಿನೈದು ಮನೆ ತಿರುಗಿ ರಟ್ಟು ಕಳಚಿ ನನ್ನ ಕೈಗೆ ಬರುತ್ತಿತ್ತು. ಓದುವುದನ್ನು ನಾನು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಡಿಂಗ ಮುಂದೇನು ಮಾಡಿದ ಎಂಬ ಆತುರದಿಂದ. ಎರಡೂ ನಿಂತುಹೋದವು. ಕನ್ನಡಕ್ಕೆ ಕೇಡು ಬಂತು ಎಂದು ಮಾತುಮಾತಿಗೆ ಹೇಳಿಕೆ ಕೊಡುವವರಲ್ಲಿ ಇವಕ್ಕಾಗಿ ಮರುಗಿದವರೆಷ್ಟು ಮಂದಿ? ಅದು ಮಕ್ಕಳದು, ಸಾಹಿತ್ಯವಲ್ಲ ಎಂಬ ಲೆಕ್ಕದಲ್ಲಿ ಹೋಯಿತು. ಚಿತ್ರಕಥೆ ಎಂಬ ಶಬ್ದವೂ ನಮಗೆ ಗಟ್ಟಿಯಾಗಿ ದಕ್ಕಿಲ್ಲ. ಆ ಮಾತೆತ್ತಿದರೆ ಯಾವ ಸಿನಿಮಾದ್ದು ಎಂದು ಕೇಳುತ್ತಾರೆ.

ಸಣ್ಣ ಭಾಷೆ, ಸಣ್ಣ ಮಾರುಕಟ್ಟೆ, ಏನು ಮಾಡುವುದು ಎನ್ನುವವರು ಸುತ್ತ ನೋಡಬೇಕು. ಪಟಾಕಿಯ ಊರು ಶಿವಕಾಶಿಯಿಂದ 1972ರಲ್ಲಿ 'ಮುತ್ತು ಕಾಮಿಕ್ಸ್', 1984ರಲ್ಲಿ 'ಲಯನ್ ಕಾಮಿಕ್ಸ್' ತಮಿಳಿನಲ್ಲಿ ಹೊರಟವು. ಯುರೋಪಿನ ಕತೆಗಳನ್ನು ತಮಿಳು ಮಾಡಿ, ಹುಡುಗರಾಗಿ ಓದಿದವರನ್ನು ಅಜ್ಜಂದಿರಾಗುವ ತನಕ ಹಿಡಿದಿಟ್ಟುಕೊಂಡಿವೆ. ಮಲಯಾಳದಲ್ಲಿ ಜಿ. ಅರವಿಂದನ್, ಮುಂದೆ ದೊಡ್ಡ ಚಿತ್ರ ನಿರ್ದೇಶಕರಾದವರು, 1961ರಿಂದ ಹನ್ನೆರಡು ವರ್ಷ 'ಮಾತೃಭೂಮಿ' ವಾರಪತ್ರಿಕೆಯಲ್ಲಿ ಒಂದು ಚಿತ್ರಮಾಲೆ ಬರೆದರು. ಅದು ಮಕ್ಕಳದ್ದಲ್ಲ, ನಿರುದ್ಯೋಗಿ ಯುವಕನೊಬ್ಬನ ಬದುಕು. ಬಂಗಾಳದಲ್ಲಿ ನಾರಾಯಣ ದೇಬನಾಥರು ಹಾಂದಾ-ಭೋಂದಾ, ಬಾಂಟುಲ್, ನಂಟೆ-ಫಂಟೆಗಳನ್ನು ಅರ್ಧ ಶತಮಾನ ಬಿಡಿಸಿದರು. 2013ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು, 2021ರಲ್ಲಿ ಪದ್ಮಶ್ರೀ. ಸಾಹಿತ್ಯ ಅಕಾಡೆಮಿಯೇ ಚಿತ್ರಕಥೆ ಬರೆದವನನ್ನು ಸಾಹಿತಿ ಎಂದು ಒಪ್ಪಿ ಹತ್ತು ವರ್ಷದ ಮೇಲಾಯಿತು. ಸುದ್ದಿ ಇನ್ನೂ ನಮ್ಮ ವಿಭಾಗಗಳನ್ನು ಮುಟ್ಟಿಲ್ಲ.

ಮುಟ್ಟಿಲ್ಲ ಎಂದು ನಾನು ಬಲ್ಲೆ, ಯಾಕೆಂದರೆ ನನ್ನ ಮೊದಲ ಸಂಶೋಧನಾ ಪ್ರಸ್ತಾವ ಕನ್ನಡ ಚಿತ್ರಕಥೆಗಳ ಮೇಲಿತ್ತು. ಯಾವ ಊರು, ಯಾವ ವಿಭಾಗ ಎಂದು ಹೇಳುವುದಿಲ್ಲ. ಅಲ್ಲಿದ್ದವರು ಕೆಟ್ಟವರೂ ಅಲ್ಲ. ಆಯ್ಕೆಯ ಸಂದರ್ಶನದಲ್ಲಿ ಒಬ್ಬ ಹಿರಿಯರು ಪುಟ ತಿರುವಿ, "ತಂಗೀ, ಇದರಾಗ ಪಠ್ಯ ಎಲ್ಲೈತಿ?" ಎಂದು ಕೇಳಿದರು. ಚಿತ್ರವೇ ಪಠ್ಯ ಸರ್ ಎಂದೆ. ಸುತ್ತಲಿದ್ದವರು ಮುಗುಳ್ನಕ್ಕರು. ಹೊರಗೆ ಬಂದ ಮೇಲೆ ಇನ್ನೊಬ್ಬರು ಪ್ರೀತಿಯಿಂದಲೇ, "ಜಾನಪದ ತಗೋ, ಯಾರೂ ತಡೆಯೂದಿಲ್ಲ" ಎಂದರು. ತಗೊಂಡೆ. ಯಾರೂ ತಡೆಯಲಿಲ್ಲ. ದೊಡ್ಡಾಟ ಸಣ್ಣಾಟಗಳನ್ನೂ ಒಂದು ಕಾಲಕ್ಕೆ ಹಳ್ಳಿಗರ ಕುಣಿತವೆಂದು ಮೂಗು ಮುರಿದವರಿದ್ದರು. ಈಗ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಿದೆ. ಆದರೆ ಆಟ ಆಡುವ ಮೇಳಗಳು ಎಷ್ಟು ಉಳಿದಿವೆ ಎಂದು ನಮ್ಮಪ್ಪನನ್ನು ಕೇಳಿ. ಒಂದು ಕಲೆಯ ಉಸಿರು ನಿಲ್ಲುತ್ತ ಬಂದ ಮೇಲೆ ಅದಕ್ಕೆ ಪೀಠ ಕಟ್ಟುವುದು ನಮಗೆ ಚೆನ್ನಾಗಿ ಬರುತ್ತದೆ. ಚಿತ್ರಕಥೆಗೂ ಮುಂದೊಂದು ದಿನ ಕಟ್ಟುತ್ತೇವೇನೋ, ಬಾಲಮಂಗಳದ ಹಳೆಯ ಪ್ರತಿಗಳು ಗೆದ್ದಲು ತಿಂದ ಮೇಲೆ.

ಇಷ್ಟು ಹೇಳಿದಾಗ ಒಂದು ಜಾಣ ಉತ್ತರ ಬರುತ್ತದೆ: ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು. ಹೌದು, ಇತ್ತು. ನಮ್ಮ ಮನೆಯಲ್ಲಿ ಅಮ್ಮನ ತವರಿಂದ ಬಂದ ಕಲಘಟಗಿಯ ತೊಟ್ಟಿಲಿದೆ. ಸಾಗವಾನಿ ಕಟ್ಟಿಗೆ, ಸುತ್ತ ಬಣ್ಣದ ಚಿತ್ರ. ಒಂದು ಕಡೆ ವಸುದೇವ ಬುಟ್ಟಿ ಹೊತ್ತು ಹೊಳೆಗೆ ಇಳಿಯುತ್ತಾನೆ, ಮುಂದಿನ ಚೌಕಟ್ಟಿನಲ್ಲಿ ಕೂಸು ಗೋಕುಲದಲ್ಲಿ ಆಡುತ್ತಿದೆ. ನಡುವೆ ಹೊಳೆ ದಾಟಿದ್ದು, ಕೂಸು ಬದಲಾದದ್ದು ಯಾವುದನ್ನೂ ಬರೆದಿಲ್ಲ. ಎರಡು ಚಿತ್ರಗಳ ನಡುವಿನ ಕಟ್ಟಿಗೆಯ ಪಟ್ಟಿಯಲ್ಲಿ ಅದನ್ನು ನೋಡುವವರೇ ತುಂಬಿಕೊಳ್ಳಬೇಕು. ಚಿತ್ರಕಥೆಯ ಇಡೀ ವಿದ್ಯೆ ಇರುವುದು ಅಷ್ಟರಲ್ಲೇ. ಆದರೆ 'ಮೊದಲೇ ಇತ್ತು' ಎಂಬುದು ಸೋಮಾರಿಗಳ ಮಾತು. ಇದ್ದದ್ದರಿಂದ ಏನು ಮಾಡಿದೆವು? ಮಧ್ಯಪ್ರದೇಶದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ತಮ್ಮ ಗೋಡೆ ಚಿತ್ರದ ಗೆರೆಗಳಲ್ಲೇ ಅಂಬೇಡ್ಕರರ ಬದುಕನ್ನು 2011ರಲ್ಲಿ 'ಭೀಮಾಯನ'ವಾಗಿ ಬಿಡಿಸಿದರು. ಕಾಮಿಕ್ಸಿನ ಚೌಕಗಳನ್ನು ಒಲ್ಲೆವೆಂದು ತಮ್ಮ ಗೆರೆಯಿಂದಲೇ ಪುಟ ಒಡೆದರು. ಆ ಪುಸ್ತಕ ದೇಶ ವಿದೇಶ ಸುತ್ತಿತು. ಕಲಘಟಗಿಯ ತೊಟ್ಟಿಲ ಚಿತ್ರಗಾರನ ಬಳಿ ಹೋಗಿ, ಅಣ್ಣಾ, ನೀವು ಬಿಡಿಸಿ, ನಾವು ಬರೀತೀವಿ ಎಂದು ಕೇಳಿದ ಕನ್ನಡ ಲೇಖಕ ಯಾರಾದರೂ ಇದ್ದರೆ ಅವರ ಕಾಲು ಮುಟ್ಟುತ್ತೇನೆ.

ದುಡ್ಡಿನ ಮಾತು ಸುಳ್ಳಲ್ಲ. ಕನ್ನಡದ ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ. ನಲವತ್ತೆಂಟು ಪುಟದ ಚಿತ್ರಕಥೆಗೆ ಒಬ್ಬ ಕಲಾವಿದ ತಿಂಗಳುಗಟ್ಟಲೆ ಕೂರಬೇಕು, ಬಣ್ಣದ ಅಚ್ಚಿನ ಖರ್ಚು ಬೇರೆ. ಪ್ರಕಾಶಕ ಹೆದರುತ್ತಾನೆ, ಸರಿ. ಆದರೆ ಕನ್ನಡ ಪ್ರಕಾಶನದ ಅರ್ಧ ಹೊಟ್ಟೆ ತುಂಬುವುದೇ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಿಂದ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ, ಹಳ್ಳಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಾರೆ. ಖರೀದಿಯಲ್ಲಿ ಕನ್ನಡದ್ದೇ ಆದ ಹೊಸ ಚಿತ್ರಕಥೆಗಳಿಗೆ ಒಂದು ಪಾಲು ಮೀಸಲಿಡಿ ಎಂದು ನಾವು ಕೇಳಿದ್ದೇವೆಯೇ? ಖರೀದಿ ಹಣ ತಡವಾಯಿತು ಎಂದು ಕೇಳಿದ್ದೇವೆ, ಬೆಲೆ ಹೆಚ್ಚಿಸಿ ಎಂದು ಕೇಳಿದ್ದೇವೆ. ಇದನ್ನು ಕೇಳಿದ ಮನವಿಪತ್ರ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನಮ್ಮಕ್ಕನ ಮಗಳು ಎಂಟನೆಯ ಇಯತ್ತೆ, ಊರಿನ ಸರ್ಕಾರಿ ಕನ್ನಡ ಶಾಲೆ. ಅಕ್ಕನ ಫೋನಿನಲ್ಲಿ ಹಿಂದಿಗೆ ಡಬ್ ಆದ ಜಪಾನಿ ಕಾರ್ಟೂನು ನೋಡಿ, ಇನ್ನೂರು ಪುಟದ ನೋಟುಬುಕ್ಕಿನ ತುಂಬ ತನ್ನದೇ ಕತೆ ಬಿಡಿಸಿದ್ದಾಳೆ. ಮಳೆ ಬಾರದ ಊರು, ಬೆಣ್ಣೆಹಳ್ಳದೊಳಗೆ ಅಡಗಿದ ಒಂದು ರಾಕ್ಷಸ, ಅದರ ಜೊತೆ ಹೋರಾಡುವ ಎರಡು ಜಡೆಯ ಹುಡುಗಿ. ಗೆರೆ ಗಟ್ಟಿಯಾಗಿದೆ. ಆದರೆ ಮಾತಿನ ಗುಳ್ಳೆಗಳಲ್ಲೆಲ್ಲ ಇಂಗ್ಲಿಷು. ತಪ್ಪು ತಪ್ಪು ಇಂಗ್ಲಿಷು; ಅವಳಿಗೆ ಆ ಭಾಷೆ ಬರುವುದಿಲ್ಲ. ಕಲ್ಲು ಬಿದ್ದಲ್ಲಿ 'ಬೂಮ್' ಎಂದು ಇಂಗ್ಲಿಷಿನ ದಪ್ಪ ಅಕ್ಷರ. ಬೆಣ್ಣೆಹಳ್ಳದ ರಾಕ್ಷಸ ಯಾಕ ಇಂಗ್ಲಿಷ್ ಮಾತಾಡ್ತೈತಿ ಎಂದು ಕೇಳಿದೆ. ನನ್ನನ್ನು ಏನೂ ತಿಳಿಯದವಳಂತೆ ನೋಡಿ, "ಚಿಗವ್ವಾ, ಇಂಥಾ ಮಂದಿ ಕನ್ನಡ ಮಾತಾಡ್ತಾರೇನ?" ಎಂದಳು.

ಅಕ್ಕನ ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಒಂದು ಜೀವವಿಲ್ಲ. ಇದು ಮೇಲಿನಿಂದ ಯಾರೋ ಹೇರಿದ್ದಲ್ಲ. ಚಿತ್ರದೊಳಗಿನವರು ಕನ್ನಡ ಮಾತಾಡಿದ್ದನ್ನು ಅವಳು ನೋಡಿಯೇ ಇಲ್ಲ, ಅಷ್ಟೇ. ನಾನು ಅವಳ ವಯಸ್ಸಿನಲ್ಲಿ ನೋಡಿದ್ದೆ. ಧಡಾರ್, ಚಟಚಟ, ಗುಡುಗುಡು, ದಬದಬ, ಟಪಟಪ ಎಂದು ಕಿವಿಗೆ ಕಾಣುವ ಹಾಗೆ ಸದ್ದು ಮಾಡಬಲ್ಲ ಭಾಷೆ ನಮ್ಮದು. ಅದನ್ನು ನಾವು ಅನುಕರಣಾವ್ಯಯ ಎಂದು ಒಂದು ಅಂಕದ ಪ್ರಶ್ನೆ ಮಾಡಿ ಅವಳ ವ್ಯಾಕರಣ ಪುಸ್ತಕದಲ್ಲಿ ಮುಚ್ಚಿಟ್ಟಿದ್ದೇವೆ.

ಕಾಮಿಕ್ ಕಾನ್‌ನಲ್ಲಿ ಟಿಕೆಟ್ಟಿನ ಜೊತೆ ಕೊಟ್ಟ ಪುಸ್ತಕವನ್ನು ಅವಳಿಗೆ ಕೊಟ್ಟೆ. ಓದಲಿಲ್ಲ, ಪುಟಗಳನ್ನು ಹೇಗೆ ಹೋಳು ಮಾಡಿದ್ದಾರೆ ಎಂದು ಬೆರಳಿಂದ ಅಳೆದಳು. ನಿನ್ನ ರಾಕ್ಷಸ ನಮ್ಮ ಭಾಷೆ ಮಾತಾಡಲಿ, ಒಂದು ಪುಟ ಮಾಡಿ ನೋಡು ಎಂದೆ. ಎರಡು ದಿನ ಬಿಟ್ಟು ನೋಟುಬುಕ್ಕು ತಂದಳು. ರಾಕ್ಷಸ ಹಳ್ಳದಿಂದ ತಲೆ ಎತ್ತಿ, "ಯಾರಲೇ ಅದು ಕಲ್ಲು ಒಗದಾವ್ರು" ಎನ್ನುತ್ತಿತ್ತು. ಮೋರೆ ಮಾತ್ರ ಸಪ್ಪಗಿತ್ತು. "ಒತ್ತಕ್ಷರ ಕೆಳಗಿನ ಸಾಲಿಗೆ ಬಡೀತಾವು ಚಿಗವ್ವಾ. ಗುಳ್ಳಿ ದೊಡ್ಡದು ಮಾಡಿದ್ರ ಮೋರಿ ಮುಚ್ಚತೈತಿ. ಇದಕ್ಕ ಏನ್ ಮಾಡ್ತಾರ?"

ನನಗೆ ಗೊತ್ತಿರಲಿಲ್ಲ. ಕೇಳಲು ವಿಭಾಗದಲ್ಲಿ ಯಾರೂ ನೆನಪಾಗಲಿಲ್ಲ. ಕೊನೆಗೆ ವೈಟ್‌ಫೀಲ್ಡಿನ ಮೇಜಿನ ಹಿಂದೆ ಕೂತಿದ್ದ, ಇಂಗ್ಲಿಷಿನಲ್ಲಿ ಚಿತ್ರಕಥೆ ಮಾಡುವ, ಮನೆಯಲ್ಲಿ ಕನ್ನಡ ಮಾತಾಡುವ ಒಬ್ಬ ಕಲಾವಿದೆ ಕೊಟ್ಟಿದ್ದ ಚೀಟಿ ಹುಡುಕಿ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಕಟ್ಟೆಯ ಮೇಲೆ ಕೂತು ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ನಡುನಡುವೆ ಇವಳು "ಹೂಂ ರೀ ಅಕ್ಕಾರ, ಮೊದಲ ಮಾತು ಬರದು ಆಮ್ಯಾಲೆ ಗುಳ್ಳಿ ಸುತ್ತಬೇಕಲ್ರೀ" ಎನ್ನುತ್ತ ನೋಟುಬುಕ್ಕಿನ ಹಿಂದಿನ ರಟ್ಟಿನ ಮೇಲೆ ಏನೋ ಬರೆದುಕೊಳ್ಳುತ್ತಿದ್ದಳು.